ಸರ್ಪಸುತ್ತು ಮತ್ತು ಸ್ವಪ್ರತಿಕಾಯ: ರೋಗತೀವ್ರತೆಯ ಒಂದು ಒಳಕಾರಣ

ರೋಗವನ್ನು ಕುರಿತು ಜನಪದರು ಕೇಳಿಕೊಂಡು ಬಂದ ಪ್ರಶ್ನೆಗಳು ಮುಖ್ಯವಾಗಿ ಎರಡು. ರೋಗ ಏಕೆ ಬಂತು ಎಂಬುದು ಮೊದಲನೆಯದು. ಒಂದೇ ಸೂರಿನಡಿ ಒಂದೇ ನೀರು ಕುಡಿದವರಲ್ಲಿ ಒಬ್ಬನನ್ನು ಮುಟ್ಟಿ ಬಿಟ್ಟ ರೋಗ ಇನ್ನೊಬ್ಬನನ್ನು ಏಕೆ ಕೊಂಡೊಯ್ದಿತು ಎಂಬುದು ಎರಡನೆಯದು. ದೋಷ, ಶಾಪ, ಹಣೆಬರಹ ಮೊದಲಾದ ಪರಿಕಲ್ಪನೆಗಳು ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯ ಸುತ್ತ ಬೆಳೆದಿವೆ. ವೈದ್ಯವಿಜ್ಞಾನಕ್ಕೂ ಇದು ತೊಡಕಿನ ಪ್ರಶ್ನೆಯೇ. ಅದಕ್ಕೆ ಈಚಿನ ದಶಕಗಳಲ್ಲಿ ದೊರೆತಿರುವ ಉತ್ತರಗಳಲ್ಲಿ ಒಂದು, ದೇಹವು ತನ್ನದೇ ರೋಗನಿರೋಧಕ ವ್ಯವಸ್ಥೆಯ ಸಂಕೇತವಾಹಕ ಪ್ರೋಟೀನುಗಳ ವಿರುದ್ಧ ಸೃಷ್ಟಿಸಿಕೊಳ್ಳುವ ಪ್ರತಿಕಾಯಗಳು.

ಸರ್ಪಸುತ್ತಿನ ನಿದರ್ಶನದಿಂದ ಇದನ್ನು ಪರಿಶೀಲಿಸಬಹುದು. ಸೊಂಟವನ್ನೋ ಎದೆಯನ್ನೋ ಬಳಸುವ ಗುಳ್ಳೆಗಳ ಸಾಲನ್ನು ಹಾವೆಂದು ಭಾವಿಸಿ, ಅದರ ತಲೆ ಬಾಲಗಳು ಕೂಡಿದರೆ ರೋಗಿ ಉಳಿಯುವುದಿಲ್ಲವೆಂದು ನಂಬುವುದು ಕರ್ನಾಟಕದಲ್ಲಿ ವ್ಯಾಪಕವಾಗಿದೆ. ನಾಟಿವೈದ್ಯರು ಕೆಮ್ಮಣ್ಣಿನ ಲೇಪ ಹಾಕುವುದೂ ನಾಗರಕಲ್ಲಿಗೆ ಹರಕೆ ಸಲ್ಲುವುದೂ ಈ ಭಯದಿಂದಲೇ. ವೈದ್ಯಶಾಸ್ತ್ರದ ಪ್ರಕಾರ ಇದು ಬಾಲ್ಯದ ಸೀತಾಳೆ ಸಿಡುಬಿನ ವೈರಾಣು ನರಗಳಲ್ಲಿ ಅಡಗಿದ್ದು ಮರುಕಳಿಸುವ ಕಾಯಿಲೆ. ಗುಳ್ಳೆಗಳು ಸಾಮಾನ್ಯವಾಗಿ ದೇಹದ ಒಂದು ಪಾರ್ಶ್ವದ ನರದ ಹಾದಿಯನ್ನಷ್ಟೇ ಹಿಡಿಯುತ್ತವೆ. ಮೈಯೆಲ್ಲ ಹರಡಿದರೆ ಅದು ನಿರೋಧಶಕ್ತಿ ಕುಂದಿದ ಸೂಚನೆ. ನಂಬಿಕೆಯ ಭಯವೂ ವೈದ್ಯರ ಆತಂಕವೂ ಇಲ್ಲಿ ಹತ್ತಿರ ಬರುತ್ತವೆ ಎಂಬುದು ನಿಜ. ಆದರೆ ಜನಪದರಿಗೆ ಇದೆಲ್ಲ ಮೊದಲೇ ತಿಳಿದಿತ್ತು ಎನ್ನುವುದು ಅವಸರದ ತೀರ್ಮಾನವಾದೀತು.

ಹೀಗೆ ಹರಡಿದ ಸರ್ಪಸುತ್ತಿನಿಂದ ನರಳುತ್ತಿದ್ದ ಓರ್ವ ವೃದ್ಧೆಯ ರಕ್ತದಲ್ಲಿ ಇಂಟರ್‌ಫೆರಾನ್ ವಿರೋಧಿ ಪ್ರತಿಕಾಯಗಳಿದ್ದುದನ್ನು ಅಯಾನ್ ಗ್ರೆಸರ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಇಂಟರ್‌ಫೆರಾನನ್ನು 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಗುರುತಿಸಿದ್ದರು. ವೈರಾಣು ಹೊಕ್ಕ ಜೀವಕೋಶವು ನೆರೆಯ ಕೋಶಗಳಿಗೆ ಕಳುಹಿಸುವ ಎಚ್ಚರಿಕೆಯ ಡಂಗುರವೆಂದು ಅದನ್ನು ತಿಳಿಯಬಹುದು. ಈ ಬಗೆಯ ಪ್ರೋಟೀನುಗಳಿಗೆ ಒಟ್ಟಾಗಿ ಸೈಟೋಕೈನ್ ಎಂದು ಹೆಸರು. ಪ್ರತಿಕಾಯವು ಅದಕ್ಕೆ ಅಂಟಿಕೊಂಡರೆ ಡಂಗುರ ಹೊಡೆದರೂ ಸದ್ದು ಹೊರಡದು. ನೆರೆಯ ಕೋಶಗಳು ಕದ ತೆರೆದೇ ಕುಳಿತಿರುತ್ತವೆ.

ಮೂರೂವರೆ ದಶಕಗಳ ಕಾಲ ವಿರಳವೆಂದು ಭಾವಿಸಲಾಗಿದ್ದ ಈ ಸಂಗತಿಯ ವ್ಯಾಪ್ತಿ ತಿಳಿದದ್ದು ಕೋವಿಡ್ ಕಾಲದಲ್ಲಿ. ಪಾಲ್ ಬಸ್ತಾರ್, ಜಾನ್-ಲೋರಾಂ ಕಸನೋವಾ ಮೊದಲಾದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಣಾಪಾಯಕ್ಕೆ ಒಳಗಾಗಿದ್ದ 987 ರೋಗಿಗಳ ಪೈಕಿ 101 ಮಂದಿಯಲ್ಲಿ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಕಂಡುಬಂದವು. ಸೋಂಕು ಸೌಮ್ಯವಾಗಿದ್ದ ಅಥವಾ ಲಕ್ಷಣಗಳೇ ಇರದಿದ್ದ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಆರೋಗ್ಯವಂತರಾದ 1,227 ಮಂದಿಯಲ್ಲಿ ನಾಲ್ವರಲ್ಲಿ ಮಾತ್ರ ಇದ್ದವು. ಆ 101 ಮಂದಿಯಲ್ಲಿ 95 ಮಂದಿ ಪುರುಷರು. ಕೆಲವರ ಸೋಂಕಿಗೆ ಮುಂಚಿನ ರಕ್ತದ ಮಾದರಿಗಳಲ್ಲೂ ಇವು ದೊರೆತುದರಿಂದ, ರೋಗದ ಫಲವಾಗಿ ಅಲ್ಲ, ರೋಗಕ್ಕೆ ಮೊದಲೇ ಇವು ಇದ್ದವೆಂಬುದು ಖಚಿತವಾಯಿತು. 2021ರ ಮತ್ತೊಂದು ಅಧ್ಯಯನದಂತೆ, ಹೆಚ್ಚಿನ ಪ್ರಮಾಣದ ಇಂಟರ್‌ಫೆರಾನನ್ನೂ ತಡೆಯಬಲ್ಲ ಪ್ರತಿಕಾಯಗಳು 70 ವರ್ಷದೊಳಗಿನವರಲ್ಲಿ ಸಾವಿರಕ್ಕೆ ಇಬ್ಬರಷ್ಟು ಮಂದಿಯಲ್ಲಿದ್ದರೆ, 80 ದಾಟಿದವರಲ್ಲಿ ನೂರಕ್ಕೆ ಮೂವರಿಗೂ ಮಿಗಿಲು. ಗಟ್ಟಿಮುಟ್ಟಾಗಿದ್ದವನೇ ಮನೆಯಲ್ಲಿ ಮೊದಲು ಹೋದ ಎಂಬ ಮಾತು ಆ ವರ್ಷಗಳಲ್ಲಿ ಎಷ್ಟೋ ಕಡೆ ಕೇಳಿಬಂತು. ಉಳಿದವರ ನಡತೆಯಲ್ಲಿ ತಪ್ಪು ಹುಡುಕಿದ್ದೂ ಉಂಟು. ಅಂತಹ ಸಾವುಗಳಲ್ಲಿ ಕೆಲವಕ್ಕಾದರೂ ಕಾರಣವು ಯಾರ ನಡತೆಯಲ್ಲೂ ಇರದೆ, ಹೋದವನ ರಕ್ತದಲ್ಲಿ ಅವನಿಗೇ ಅರಿವಿಲ್ಲದಂತೆ ಇದ್ದಿರಬೇಕು.

ಎಲ್ಲ ಸೈಟೋಕೈನ್‌ಗಳ ಕಥೆ ಒಂದೇ ಅಲ್ಲ. ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ಶ್ವಾಸಕೋಶದ ಗಾಳಿಗೂಡುಗಳಲ್ಲಿ ಜಿಡ್ಡು ಶೇಖರವಾಗುವ ರೋಗಕ್ಕೆ ಕಾರಣವೆಂದು ಜಪಾನಿನ ಸಂಶೋಧಕರು 1999ರಲ್ಲಿ ತೋರಿಸಿದರು. ಥಾಯ್ಲೆಂಡ್ ಮತ್ತು ತೈವಾನ್‌ಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಷಯದ ಜಾತಿಗೇ ಸೇರಿದ ಬೇರೆ ಬ್ಯಾಕ್ಟೀರಿಯಾಗಳು ಮೈಯೆಲ್ಲ ಹರಡಿದ್ದ, ಎಚ್‌ಐವಿ ಇಲ್ಲದ ರೋಗಿಗಳಲ್ಲಿ ಹೆಚ್ಚಿನವರಲ್ಲಿ ಗಾಮಾ ಇಂಟರ್‌ಫೆರಾನ್ ವಿರೋಧಿ ಪ್ರತಿಕಾಯಗಳು ಕಂಡವು. ಈ ಪ್ರತಿಕಾಯಗಳು ಹಿಡಿಯುವ ಭಾಗವು ಆಸ್ಪರ್‌ಜಿಲಸ್ ಎಂಬ ಬೂಷ್ಟಿನ ಒಂದು ಪ್ರೋಟೀನನ್ನು ಹೋಲುತ್ತದೆಂದು 2016ರಲ್ಲಿ ವರದಿಯಾಯಿತು. ಬೂಷ್ಟಿನ ಮೇಲೆ ಎತ್ತಿದ ಕತ್ತಿ ಮನೆಯವನನ್ನೇ ತಾಗಿರುವ ಸಾಧ್ಯತೆ ಇದು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ನೆನಪಾಗುವುದು ಸಹಜ. ಆದರೆ ಅದು ಅರ್ಧ ಮಾತ್ರ ಹೊಂದುತ್ತದೆ. ಸ್ವಂತದ್ದನ್ನು ಗುರುತಿಸಿ ಬಿಟ್ಟುಬಿಡುವ ಪಾಠವನ್ನು ನಿರೋಧಕ ಕೋಶಗಳು ಕಲಿಯುವುದು ಥೈಮಸ್ ಗ್ರಂಥಿಯಲ್ಲಿ. ಆ ಪಾಠಕ್ಕೆ ಬೇಕಾದ ಏರ್ ಎಂಬ ವಂಶವಾಹಿ ಕೆಟ್ಟವರಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಇಂಟರ್‌ಫೆರಾನ್ ವಿರೋಧಿ ಪ್ರತಿಕಾಯಗಳಿರುತ್ತವೆ. ಇದು ಮೇಯುವ ಬೇಲಿ. ಆದರೆ ಡೆನ್ಮಾರ್ಕಿನಲ್ಲಿ ಕ್ಲಾಸ್ ಬೆಂಡ್ಟ್‌ಸೆನ್ ಮತ್ತು ಸಹೋದ್ಯೋಗಿಗಳು 1980ರ ದಶಕದ ಕೊನೆಯಿಂದ ನಡೆಸಿದ ಶೋಧಗಳಲ್ಲಿ, ಯಾವ ಕಾಯಿಲೆಯೂ ಇಲ್ಲದ ರಕ್ತದಾನಿಗಳಲ್ಲಿಯೂ ಇಂಟರ್‌ಲ್ಯೂಕಿನ್-1 ಆಲ್ಫಾದಂತಹ ಸೈಟೋಕೈನ್‌ಗಳನ್ನು ಹಿಡಿಯುವ ಪ್ರತಿಕಾಯಗಳು ದೊರೆತವು. ಉರಿಯೂತದ ಸಂಕೇತಗಳು ಮಿತಿಮೀರದಂತೆ ಇವು ಹಿಡಿತದಲ್ಲಿಡುತ್ತಿರಬಹುದೆಂಬ ಅಭಿಪ್ರಾಯವಿದೆ. ಸಾವಿರಾರು ದಾನಿಗಳ ರಕ್ತದಿಂದ ಸಿದ್ಧಪಡಿಸುವ ಇಮ್ಯುನೊಗ್ಲಾಬ್ಯುಲಿನ್ ಔಷಧಿಯಲ್ಲಿಯೂ ಇವು ಸೇರಿರುವುದರಿಂದ, ಒಬ್ಬನ ದೇಹದ ಈ ಹಿಡಿತವು ಗುರುತು ಪರಿಚಯವಿಲ್ಲದ ಇನ್ನೊಬ್ಬನ ದೇಹಕ್ಕೂ ಸೂಜಿಯ ಮೂಲಕ ದಾಟುತ್ತದೆ.