ಒಂಟಿ ಸಾಲಿನ ಎಲೆಕ್ಟ್ರಾನುಗಳು



ಈ ಸಲದ ಮಾತುಕತೆಯನ್ನು ನೋಡುವ ಮುನ್ನ ಒಂದು ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಿ. ಗದ್ದೆಯ ಬದುವಿನ ಮೇಲೆ ಮಕ್ಕಳು ಸಾಲಾಗಿ ಹೋಗುತ್ತಿದ್ದಾರೆ. ಮುಂದಿನವನು ನಿಂತರೆ ಹಿಂದಿನವರೆಲ್ಲ ನಿಲ್ಲಲೇಬೇಕು. ಪಕ್ಕಕ್ಕೆ ಸರಿದು ದಾಟಲು ಜಾಗವಿಲ್ಲ.

ನಿಮ್ಮ ಮನೆಯ ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳಿಗೆ ಬಯಲಿನಷ್ಟು ಅವಕಾಶವಿದೆ. ಆದರೆ ಅರೆವಾಹಕ ತಂತಿಯೊಂದರ ದಪ್ಪವನ್ನು ಮಿಲಿಮೀಟರಿನ ಸುಮಾರು 10,000ದಲ್ಲಿ ಒಂದು ಪಾಲಿಗೆ ಇಳಿಸಿ, ಪರಮ ಶೂನ್ಯದ, ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ಸಿನ, ಹತ್ತಿರಕ್ಕೆ ತಣಿಸಿದರೆ ಅವೂ ಬದುವಿನ ಮಕ್ಕಳಂತಾಗುತ್ತವೆ. ಪರಸ್ಪರ ವಿಕರ್ಷಿಸುವುದರಿಂದ ಒಂದು ಅಲುಗಿದರೆ ಸಾಲೆಲ್ಲ ಅಲುಗುತ್ತದೆ. ಇಂಥ ಸಾಲಿನ ಗಣಿತವನ್ನು ಜಪಾನಿನ ಟೊಮೊನಾಗ 1950ರಲ್ಲಿ, ಅಮೆರಿಕದ ಲುಟಿಂಜರ್ 1963ರಲ್ಲಿ ರೂಪಿಸಿದರು.

2001ರಲ್ಲಿ ರಷ್ಯಾ ಮೂಲದ ಅಲೆಕ್ಸಿ ಕಿಟಾಯೆವ್ ಇನ್ನೊಂದು ಸಾಧ್ಯತೆಯನ್ನು ತೋರಿಸಿದರು. ಇಂಥ ತಂತಿ ಅತಿವಾಹಕವಾಗಿ, ಎಲೆಕ್ಟ್ರಾನುಗಳು ಜೋಡಿಗೂಡಿದರೆ ಏನಾಗುತ್ತದೆ? ಬದುವಿನ ಮಕ್ಕಳು ಕೈಕೈ ಹಿಡಿದರೆಂದುಕೊಳ್ಳಿ. ಮೊದಲನೆಯವನ ಒಂದು ಕೈ, ಕೊನೆಯವನ ಒಂದು ಕೈ ಮಾತ್ರ ಬಿಡಿಯಾಗಿ ಉಳಿಯುತ್ತವೆ. ನಡುವೆ ಇಬ್ಬರು ಸೇರಲಿ, ಸಾಲು ಸೊಟ್ಟಗಾಗಲಿ, ಬಿಡಿ ಕೈಗಳು ಎರಡೇ, ಅದೂ ತುದಿಗಳಲ್ಲೇ! ಹೀಗೆ ಎಳೆದಾಡಿದರೂ ಬದಲಾಗದ ಗುಣಗಳನ್ನು ಅಭ್ಯಸಿಸುವ ಗಣಿತವೇ ಟೋಪಾಲಜಿ. ತಂತಿಯ ತುದಿಯಲ್ಲಿ ಉಳಿಯುವ ಈ 'ಅರೆ ಎಲೆಕ್ಟ್ರಾನು'ಗಳಿಗೆ ಮಯೊರಾನಾ ಸ್ಥಿತಿಗಳೆಂದು ಹೆಸರು. ವಿಕರ್ಷಣೆ ಮಿತಿಯಲ್ಲಿದ್ದರೆ ಅವು ಉಳಿಯುತ್ತವೆ; ಮಿತಿ ಮೀರಿದರೆ ಹಿಡಿದ ಕೈಗಳೇ ಬಿಟ್ಟುಹೋಗುತ್ತವೆ. ಎರಡು ತುದಿಗಳಲ್ಲಿ ಹಂಚಿಟ್ಟ ಮಾಹಿತಿಯನ್ನು ಒಂದೆಡೆಯ ಗಲಾಟೆ ಸುಲಭವಾಗಿ ಅಳಿಸಲಾರದು. ಕ್ವಾಂಟಂ ಕಂಪ್ಯೂಟರ್ ಕಟ್ಟುವವರಿಗೆ ಇದರ ಮೇಲೆ ಕಣ್ಣು ಬಿದ್ದಿರುವುದು ಅದಕ್ಕೇ.

2012ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದ ವಿಜ್ಞಾನಿಗಳಿಗೆ ಇಂಡಿಯಂ ಆಂಟಿಮೊನೈಡ್ ತಂತಿಯಲ್ಲಿ ಇದರ ಸುಳಿವು ಕಂಡಿತು. 2018ರಲ್ಲಿ ಇನ್ನೂ ಬಲವಾದ ಪುರಾವೆ ದೊರೆತಿದೆಯೆಂಬ ಪ್ರಬಂಧ 'ನೇಚರ್' ಪತ್ರಿಕೆಯಲ್ಲಿ ಬಂತು. ಆದರೆ ಮೂಲ ಅಳತೆಗಳನ್ನು ಪೂರ್ತಿಯಾಗಿ ಮತ್ತೆ ಪರಿಶೀಲಿಸಿದಾಗ ಆ ತೀರ್ಮಾನಕ್ಕೆ ಆಧಾರ ಸಾಲಲಿಲ್ಲ. 2021ರಲ್ಲಿ ಲೇಖಕರೇ ಅದನ್ನು ಹಿಂತೆಗೆದುಕೊಂಡರು. ತಂತಿಯೊಳಗಿನ ಸಣ್ಣಪುಟ್ಟ ದೋಷಗಳೂ ಅಂಥದೇ ಸಂಕೇತವನ್ನು ಕೊಡಬಲ್ಲವು.

ಹಾಗಾದರೆ ಕಿಟಾಯೆವ್ ಅವರ ಗಣಿತ ಸುಳ್ಳೇ? ಅಲ್ಲ. ಗಣಿತ ಸರಿಯಿದ್ದ ಮಾತ್ರಕ್ಕೆ ಪ್ರಯೋಗ ಗೆದ್ದಂತಾಗುವುದಿಲ್ಲ, ಅಷ್ಟೆ. ಬಿ.ಎಸ್ಸಿ. ಓದುವಾಗ ಗ್ರಾಫಿನ ರೇಖೆಗೆ ಹೊಂದದ ಬಿಂದುವನ್ನು ನಾನೂ ರಬ್ಬರಿನಿಂದ ಅಳಿಸಿದ್ದುಂಟು. ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಹಾಗೆ ಮಾಡಬೇಕೆನಿಸಿದಾಗ ಈ ತಂತಿಯನ್ನು ನೆನಪಿಸಿಕೊಳ್ಳಿ. ಆ ಬಿಂದುವನ್ನು ಅಲ್ಲೇ ಬಿಟ್ಟು, ಅದು ಏಕೆ ಹೊಂದಲಿಲ್ಲವೆಂದು ನಿಮ್ಮ ಅಧ್ಯಾಪಕರನ್ನು ಕೇಳಿ.