ಚರ್ಚ್ ಸೇವೆಗೆ ಒಂದೇ ಗುರಿ ಏಕೆ ಬೇಕು? ವಾಕಡದ ಹೊಸ ಸಭೆಗಳಿಗೆ ಪಂಡಿತಾ ರಮಾಬಾಯಿ ಬದುಕಿನ ಪಾಠ

ಪುಣೆ: ಹಿಂಜವಡಿ ಐಟಿ ಪಾರ್ಕ್ ಪಕ್ಕದ ವಾಕಡದಲ್ಲಿ ಹಿಂದೆ ಹೊಲಗಳಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಕೆಲಸ ಹುಡುಕಿಕೊಂಡು ಬಂದವರಲ್ಲಿ ಕನ್ನಡಿಗರೂ ಇದ್ದಾರೆ. ಇಂಥ ಬಡಾವಣೆಯಲ್ಲಿ ಕೆಲವು ಕುಟುಂಬಗಳು ಸೇರಿ ಕ್ರೈಸ್ತ ಸಭೆಯೊಂದನ್ನು ಶುರು ಮಾಡಿದರೆ, ಭಾನುವಾರದ ಆರಾಧನೆ ಮುಗಿದ ಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ. ಪ್ರಾರ್ಥನೆಯೇನೋ ಆಯಿತು, ನಮ್ಮ ಸಭೆ ಯಾರಿಗಾಗಿ ಏನು ಮಾಡಬೇಕು?

ಎಲ್ಲವನ್ನೂ ಮಾಡಲು ಹೋದರೆ ಏನಾಗುತ್ತದೆ?

ಮಕ್ಕಳಿಗೆ ಟ್ಯೂಷನ್, ಆರೋಗ್ಯ ಶಿಬಿರ, ಯುವಕರ ಕೂಟ, ವೃದ್ಧರ ಭೇಟಿ, ಬಡವರಿಗೆ ರೇಷನ್ ಕಿಟ್. ಪಟ್ಟಿ ಬರೆಯುವುದು ಸುಲಭ. ಆದರೆ ವಾರಪೂರ್ತಿ ಆಫೀಸಿನಲ್ಲಿ ದುಡಿಯುವವರ ಕೈಯಲ್ಲಿ ಉಳಿಯುವುದು ವಾರಾಂತ್ಯದ ಕೆಲವು ಗಂಟೆಗಳಷ್ಟೇ. ಅದನ್ನು ಐದು ಕೆಲಸಕ್ಕೆ ಹಂಚಿದರೆ ಯಾವುದೂ ಆರು ತಿಂಗಳು ದಾಟುವುದಿಲ್ಲ. ನಂಬಿ ಬಂದವರು ನಡುದಾರಿಯಲ್ಲಿ ಉಳಿಯುತ್ತಾರೆ. ಸೇವೆಗೆ ಗುರಿ ಬೇಕು ಎನ್ನುವುದು ಇದೇ ಕಾರಣಕ್ಕೆ.

ಈ ಪ್ರಶ್ನೆಗೆ ದೊಡ್ಡ ಉತ್ತರ ಕೊಟ್ಟವರೊಬ್ಬರು ಇದೇ ಪುಣೆ ಜಿಲ್ಲೆಯಲ್ಲಿದ್ದರು. ಅವರು ಹುಟ್ಟಿದ್ದು ಕರ್ನಾಟಕದ ನೆಲದಲ್ಲಿ.

ಗಂಗಾಮೂಲದಿಂದ ಕೇಡಗಾಂವ್‌ವರೆಗೆ

ಪಂಡಿತಾ ರಮಾಬಾಯಿ ಜನಿಸಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದು ಎಂಬ ವಿರೋಧವಿದ್ದರೂ ಮೊದಲು ಪತ್ನಿ ಲಕ್ಷ್ಮೀಬಾಯಿಗೆ ಕಲಿಸಿದರು. ತಾಯಿಯಿಂದ ಆ ವಿದ್ಯೆ ಮಗಳಿಗೆ ಬಂತು. ಬರಗಾಲದ ದಿನಗಳಲ್ಲಿ ರಮಾಬಾಯಿ ಹೆತ್ತವರನ್ನು ಕಳೆದುಕೊಂಡರು. ಅಣ್ಣನ ಜತೆ ಊರೂರು ಅಲೆದು 1878ರಲ್ಲಿ ಕಲ್ಕತ್ತಾ ತಲುಪಿದಾಗ ಅಲ್ಲಿನ ವಿದ್ವಾಂಸರು ‘ಪಂಡಿತಾ’ ಎಂಬ ಬಿರುದು ಕೊಟ್ಟರು. 1882ರಲ್ಲಿ ಪತಿ ತೀರಿಕೊಂಡಾಗ ಅವರಿಗಿನ್ನೂ 23 ವರ್ಷ, ಮಡಿಲಲ್ಲಿ ಪುಟ್ಟ ಮಗಳು ಮನೋರಮಾ.

ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ಇಂಗ್ಲೆಂಡ್‌ನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ಆಗ ಅವರ ಮುಂದೆ ಹಲವು ದಾರಿಗಳಿದ್ದವು. ಸಂಸ್ಕೃತ ಬಲ್ಲ ವಾಗ್ಮಿಯಾಗಿ ದೇಶ ಸುತ್ತಿ ಉಪನ್ಯಾಸ ಮಾಡಬಹುದಿತ್ತು. ಅವರು ಆರಿಸಿಕೊಂಡದ್ದು ಮೇಲ್ಜಾತಿಯ ಮನೆಗಳ ಬಾಲವಿಧವೆಯರನ್ನು. ಗಂಡನ ಮನೆಗೆ ಹೊರೆಯಾಗಿ, ತವರಿಗೂ ಬೇಡವಾಗಿ ಬದುಕುತ್ತಿದ್ದ ಅವರಿಗೆ ಓದು ಮತ್ತು ಸ್ವಂತ ದುಡಿಮೆ ಬೇಕು ಎಂದು 1887ರಲ್ಲಿ ಪ್ರಕಟವಾದ ಇಂಗ್ಲಿಷ್ ಪುಸ್ತಕದಲ್ಲಿ ವಾದಿಸಿದರು. 1889ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ಶಾರದಾ ಸದನ ಶುರುವಾಯಿತು. ಮರುವರ್ಷ ಅದು ಪುಣೆಗೆ ಬಂತು.

ವಿವಾದ ಕಲಿಸಿದ್ದೇನು?

ಶಾರದಾ ಸದನಕ್ಕೆ ಹಣ ಬರುತ್ತಿದ್ದುದು ಅಮೆರಿಕದ ರಮಾಬಾಯಿ ಅಸೋಸಿಯೇಷನ್‌ನಿಂದ. ಶಾಲೆಯಲ್ಲಿ ಮತಬೋಧನೆ ಇರುವುದಿಲ್ಲ ಎಂಬುದು ಒಪ್ಪಂದ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಕೆಲವು ಹುಡುಗಿಯರೂ ಬಂದು ಕೂರುತ್ತಿದ್ದರು. 1893ರಲ್ಲಿ ಇದು ದೊಡ್ಡ ವಿವಾದವಾಯಿತು. ಸಲಹಾ ಸಮಿತಿಯಲ್ಲಿದ್ದ ಎಂ.ಜಿ. ರಾನಡೆ, ಆರ್.ಜಿ. ಭಂಡಾರ್ಕರ್ ಅವರಂಥ ಸುಧಾರಕರೇ ದೂರ ಸರಿದರು. ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ನೆರವು ಪಡೆಯುವವರಿಗೆ ಮತ್ತು ಹಣ ಕೊಡುವವರಿಗೆ ಏನು ಹೇಳಿದ್ದೇವೆ, ಒಳಗೆ ಏನು ನಡೆಯುತ್ತಿದೆ ಎಂಬುದರ ನಡುವೆ ಅಂತರ ಕಂಡರೆ ನಂಬಿಕೆ ಒಡೆಯುತ್ತದೆ. ಟ್ಯೂಷನ್ ಎಂದು ಕರೆದರೆ ಅದು ಟ್ಯೂಷನ್ ಆಗಿಯೇ ಇರಬೇಕು. ಪ್ರಾರ್ಥನೆ ಇದ್ದರೆ ಪೋಷಕರಿಗೆ ಮೊದಲೇ ತಿಳಿದಿರಬೇಕು. ಇಂದಿನ ಸಭೆಗಳಿಗೂ ಇದು ಅನ್ವಯಿಸುತ್ತದೆ.

ರಮಾಬಾಯಿ ಗುರಿ ಬಿಡಲಿಲ್ಲ, ಅದರ ಬಾಗಿಲು ಅಗಲ ಮಾಡಿದರು. 1896-97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. ಈ ಬಾರಿ ಜಾತಿಯ ಗೆರೆ ಇರಲಿಲ್ಲ. ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಬೆಳೆದದ್ದು ಹೀಗೆ. ಅಲ್ಲಿ ನೇಯ್ಗೆ, ಹೊಲಿಗೆ, ಕೃಷಿ, ಮುದ್ರಣ ಕಲಿಸಲಾಗುತ್ತಿತ್ತು. 1922ರಲ್ಲಿ ರಮಾಬಾಯಿ ನಿಧನರಾದ ಬಳಿಕವೂ ಸಂಸ್ಥೆ ಮುಂದುವರಿಯಿತು, ಇಂದಿಗೂ ಇದೆ.

ಮಂಗಳೂರಿನ ಹಂಚು ಹೇಳುವ ಕಥೆ

ಅಗತ್ಯವೇ ಗುರಿಯನ್ನು ತೋರಿಸಿದ ಇನ್ನೊಂದು ಉದಾಹರಣೆ ನಮ್ಮ ಕರಾವಳಿಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಮೂಲ ಉದ್ದೇಶ ಧರ್ಮ ಪ್ರಚಾರ. ಆದರೆ ಮತಾಂತರವಾದವರನ್ನು ಕುಟುಂಬ ಮತ್ತು ಸಮುದಾಯ ಹೊರಗಿಟ್ಟಾಗ ಅವರ ಹೊಟ್ಟೆಪಾಡಿನ ಪ್ರಶ್ನೆ ಎದುರಾಯಿತು. ಅದಕ್ಕೆ ಉತ್ತರವಾಗಿ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಸ್ಥಳೀಯ ಜೇಡಿಮಣ್ಣಿನಿಂದ ಮಾಡಿದ ಮಂಗಳೂರು ಹಂಚು ದೂರದ ಊರುಗಳ ಮನೆಗಳ ಮೇಲೂ ಕೂತಿತು.

ವಾಕಡದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಇಲ್ಲಿ ಯಾರಿಗೆ ಯಾರೂ ಇಲ್ಲ? ಕಟ್ಟಡ ಕಾರ್ಮಿಕರ ಮಕ್ಕಳಿರಬಹುದು. ಮಗನ ಫ್ಲ್ಯಾಟ್‌ಗೆ ಬಂದು ಮಾತಾಡಲು ಜನರಿಲ್ಲದೆ ಕೂತಿರುವ ಅಜ್ಜ-ಅಜ್ಜಿ ಇರಬಹುದು. ಒಂದು ತಿಂಗಳು ಸುತ್ತಾಡಿ, ಕೇಳಿ, ನಂತರ ತೀರ್ಮಾನಿಸಿ.

2. ನಮ್ಮ ಕೈಯಲ್ಲಿ ಏನಿದೆ? ನರ್ಸ್, ಶಿಕ್ಷಕಿ, ಕನ್ನಡ-ಮರಾಠಿ ಎರಡೂ ಬಲ್ಲವರು ಸಭೆಯಲ್ಲಿದ್ದರೆ ಗುರಿ ಅರ್ಧ ಸಿಕ್ಕಂತೆ.

3. ಬೇರೆಯವರು ಈಗಾಗಲೇ ಮಾಡುತ್ತಿದ್ದಾರಾ? ಹಾಗಿದ್ದರೆ ಅವರ ಜತೆ ಕೈಜೋಡಿಸುವುದೇ ಲೇಸು.

4. ಮೂರು ವರ್ಷ ನಡೆಸಲು ಸಾಧ್ಯವೇ? ಉತ್ತರ ಇಲ್ಲ ಎಂದಾದರೆ ಕೆಲಸವನ್ನು ಚಿಕ್ಕದು ಮಾಡಿಕೊಳ್ಳಿ.

ಕಾನೂನು ಮರೆಯಬೇಡಿ

ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್‌ಗಳು ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಅನಾಥ ಅಥವಾ ನಿರ್ಗತಿಕ ಮಕ್ಕಳನ್ನು ಇರಿಸಿಕೊಳ್ಳುವ ಮನೆಗೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಕಡ್ಡಾಯ. ವಿದೇಶಿ ದೇಣಿಗೆಗೆ ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ ಅನುಮತಿ ಬೇಕು.

ಗುರಿ ಆರಿಸುವುದೆಂದರೆ ಉಳಿದ ಒಳ್ಳೆಯ ಕೆಲಸಗಳಿಗೆ ‘ಸದ್ಯಕ್ಕೆ ಬೇಡ’ ಎನ್ನುವುದು. ಸೇವೆ ಮಾಡಬೇಕೆಂಬ ಮನಸ್ಸಿದ್ದವರಿಗೆ ಅದೇ ಕಷ್ಟದ ಮಾತು. ಆದರೆ ಪ್ರತಿ ಶನಿವಾರ ಸಂಜೆ ತಪ್ಪದೆ ಬಾಗಿಲು ತೆರೆಯುವ ಒಂದು ಪುಟ್ಟ ಟ್ಯೂಷನ್ ಕೋಣೆ ಇದ್ದರೆ, ಅದನ್ನು ನಂಬಿ ಬರುವ ಹತ್ತು ಮಕ್ಕಳಿಗೆ ಅಷ್ಟೇ ಸಾಕು.