ಕಪ್ಪು ಅಡ್ಮಿರಲ್‌ನ ನೌಕಾಪಡೆ

ಅಮೆಜಾನ್ ನದಿ ಕಡಲು ಸೇರುವ ಕಡೆ ಬ್ರೆಜಿಲ್‌ನ ಬೆಲೆಂ ನಗರವಿದೆ. ಅದರ ಸುತ್ತಲಿನ ದ್ವೀಪಗಳಲ್ಲಿ, ಕವಲು ನದಿಗಳ ದಂಡೆಯಲ್ಲಿ ಬದುಕುವವರಿಗೆ ರಸ್ತೆಯೆಂಬುದಿಲ್ಲ. ಶಾಲೆಗೆ, ಸಂತೆಗೆ, ಹೆರಿಗೆಗೆ, ಹೆಣ ಸಾಗಿಸುವುದಕ್ಕೆ ಎಲ್ಲಕ್ಕೂ ದೋಣಿಯೇ. ಬಹುಪಾಲು ಮರದ ಸಣ್ಣ ದೋಣಿಗಳು. ನಡುವೆ ಎಂಜಿನ್ನು, ಅಲ್ಲಿಂದ ಹಿಂಬದಿಯ ಪ್ರೊಪೆಲ್ಲರ್‌ವರೆಗೆ ತಳದಲ್ಲೇ ಹಾದುಹೋಗುವ ಕಬ್ಬಿಣದ ಶಾಫ್ಟು. ಎಷ್ಟೋ ದೋಣಿಗಳಲ್ಲಿ ಅದಕ್ಕೆ ಮುಚ್ಚಳವೇ ಇರುವುದಿಲ್ಲ. ಉದ್ದ ಕೂದಲಿನ ಹುಡುಗಿಯೊಬ್ಬಳು ಕೈಜಾರಿದ್ದನ್ನು ಎತ್ತಿಕೊಳ್ಳಲೋ, ಒಳನುಗ್ಗಿದ ನೀರನ್ನು ಮೊಗೆದು ಚೆಲ್ಲಲೋ ಬಗ್ಗಿದರೆ ಸಾಕು, ತಿರುಗುವ ಶಾಫ್ಟಿಗೆ ಕೂದಲು ಸುತ್ತಿಕೊಂಡು ನೆತ್ತಿಯ ಚರ್ಮವೇ ಕಿತ್ತು ಬರುತ್ತದೆ. ಕೆಲವು ಸಲ ಕಿವಿ, ಹುಬ್ಬುಗಳೂ ಅದರೊಂದಿಗೆ ಹೋಗುತ್ತವೆ. ಬದುಕಿ ಉಳಿದವರಿಗೆ ವರ್ಷಗಟ್ಟಲೆ ಶಸ್ತ್ರಚಿಕಿತ್ಸೆ, ಆಮೇಲೆ ಜನರ ನೋಟವನ್ನು ಎದುರಿಸುವ ಸಂಕಟ.

2009ರಲ್ಲಿ ಬ್ರೆಜಿಲ್ ಒಂದು ಕಾನೂನು ತಂದು ಈ ಶಾಫ್ಟಿಗೆ ಮುಚ್ಚಳವನ್ನು ಕಡ್ಡಾಯ ಮಾಡಿತು. ಆ ಮುಚ್ಚಳವನ್ನು ಕಾಸು ಪಡೆಯದೆ ಕೂರಿಸಿಕೊಡುವವರು ಬ್ರೆಜಿಲ್ ನೌಕಾಪಡೆಯವರು. ಬೆಲೆಂನ ಬಂದರು ಕಚೇರಿಯ ನಾವಿಕರು ನದಿಯೂರುಗಳಿಗೆ ಹೋಗಿ, ದೋಣಿಯ ತಳದಲ್ಲಿ ಮಂಡಿಯೂರಿ ಕೂತು ಈ ಕೆಲಸ ಮಾಡುತ್ತಾರೆ.

ದಕ್ಷಿಣ ಅಮೆರಿಕದ ಈ ದೊಡ್ಡ ನೌಕಾಪಡೆಯ ಪರಿಚಯವನ್ನು ಫಿರಂಗಿಗಳಿಂದ ಶುರು ಮಾಡಬಹುದಿತ್ತು. ಆದರೆ ಅದು ಏನೆಂದು ತಿಳಿಯಲು ಈ ಮುಚ್ಚಳವೇ ಒಳ್ಳೆಯ ದಾರಿ. ನಮ್ಮಲ್ಲಿ ಯುದ್ಧಕ್ಕೆ ನೌಕಾಪಡೆ, ಕಾವಲಿಗೆ ಕೋಸ್ಟ್ ಗಾರ್ಡ್, ಹಡಗುಗಳ ನೋಂದಣಿಗೆ, ದೀಪಸ್ತಂಭಗಳಿಗೆ ಬೇರೆ ಬೇರೆ ಇಲಾಖೆಗಳಿವೆ. ಬ್ರೆಜಿಲ್‌ನಲ್ಲಿ ಇವೆಲ್ಲವೂ ನೌಕಾಪಡೆಯದೇ. ಅಲ್ಲಿ ಪ್ರತ್ಯೇಕ ಕೋಸ್ಟ್ ಗಾರ್ಡ್ ಇಲ್ಲ. ಮೀನುಗಾರನ ದೋಣಿಗೆ ನಂಬರು ಕೊಡುವುದು, ಚಾಲಕನಿಗೆ ಲೈಸೆನ್ಸ್ ಕೊಡುವುದು, ನದಿಯ ಆಳ ಅಳೆದು ನಕ್ಷೆ ಬರೆಯುವುದು, ದೋಣಿ ಮುಳುಗಿದರೆ ತನಿಖೆ ಮಾಡುವುದು ಎಲ್ಲವೂ ಬಿಳಿ ಸಮವಸ್ತ್ರದವರ ಪಾಲಿನದು. ಏಳು ಸಾವಿರ ಕಿ.ಮೀ.ಗೂ ಉದ್ದದ ಕರಾವಳಿ, ಅದಕ್ಕಿಂತ ಎಷ್ಟೋ ಪಟ್ಟು ಉದ್ದದ ನದಿದಾರಿ. ಕಾಡಿನ ನಡುವಿನ ಎಷ್ಟೋ ಊರುಗಳು ಸರ್ಕಾರದ ಮುಖ ನೋಡುವುದು ಈ ಪಡೆಯವರ ಮೂಲಕವೇ.

ಇದು ಹುಟ್ಟಿದ್ದು ಸಾಲದಲ್ಲಿ, ಅವಸರದಲ್ಲಿ, ಹೊರಗಿನವರ ನೆರವಿನಲ್ಲಿ. 1822ರ ಸೆಪ್ಟೆಂಬರ್ 7ರಂದು ಬ್ರೆಜಿಲ್ ಪೋರ್ಚುಗಲ್‌ನಿಂದ ಬಿಡುಗಡೆ ಘೋಷಿಸಿಕೊಂಡಾಗ ಉತ್ತರದ ಬಹಿಯಾ, ಮರಾನ್ಯಾವೊ ಪ್ರಾಂತ್ಯಗಳಲ್ಲಿ ಪೋರ್ಚುಗೀಸ್ ಸೈನ್ಯ ಇನ್ನೂ ಬೀಡುಬಿಟ್ಟಿತ್ತು. ನೆಲದ ಮೇಲೆ ದಾರಿಯಿಲ್ಲದಷ್ಟು ವಿಶಾಲವಾದ ದೇಶವದು; ಅವರನ್ನು ಓಡಿಸಬೇಕಾದರೆ ಕಡಲಿನಿಂದಲೇ ಆಗಬೇಕು. ಹಳೆಯ ಪೋರ್ಚುಗೀಸ್ ಹಡಗುಗಳನ್ನೇ ದುರಸ್ತಿ ಮಾಡಿ, ಜನರಿಂದ ಚಂದಾ ಎತ್ತಿ, ನವೆಂಬರ್ 10ರಂದು ಹೊಸ ಬಾವುಟ ಏರಿಸಿದರು. ಮುನ್ನಡೆಸಲು ಕರೆಸಿದ್ದು ಸ್ಕಾಟ್ಲೆಂಡಿನ ಲಾರ್ಡ್ ಕಾಕ್ರೇನ್‌ನನ್ನು. ಅದಕ್ಕೂ ಮೊದಲು ಚಿಲಿಯ ನೌಕಾಪಡೆಯನ್ನು ಗೆಲುವಿಗೆ ಒಯ್ದಿದ್ದ ಮನುಷ್ಯ. 1823ರ ಜುಲೈನಲ್ಲಿ ಪೋರ್ಚುಗೀಸರು ಬಹಿಯಾದ ಸಾಲ್ವಡೋರ್ ಬಿಟ್ಟು ಹೊರಟಾಗ ಅವರ ಹಡಗುಗಳ ಬೆನ್ನು ಹತ್ತಿದ. ಮರಾನ್ಯಾವೊದ ರಾಜಧಾನಿಯಲ್ಲಿ ಒಂದೇ ಹಡಗಿನೊಡನೆ ನಿಂತು, ಹಿಂದೆ ದೊಡ್ಡ ದಂಡೇ ಬರುತ್ತಿದೆಯೆಂದು ನಂಬಿಸಿ ಊರನ್ನು ಶರಣಾಗಿಸಿದ. ಈ ಕೆಲಸ ಆಗದಿದ್ದರೆ ಇಂದಿನ ಬ್ರೆಜಿಲ್ ಎರಡು ಮೂರು ದೇಶಗಳಾಗಿ ಒಡೆದಿರುತ್ತಿತ್ತೇನೋ.

ಪಡೆ ತನ್ನ ದಿನವೆಂದು ಆಚರಿಸುವುದು ಜೂನ್ 11. 1865ರ ಆ ದಿನ ಪರಾನಾ ನದಿಯಲ್ಲಿ, ರಿಯಾಚುಯೆಲೊ ತೊರೆ ಸೇರುವ ಕಡೆ, ಪರಾಗ್ವೆಯ ಹಡಗುಗಳ ಜೊತೆ ಕಾದಾಟ ನಡೆಯಿತು. ಅಡ್ಮಿರಲ್ ಬರೋಜೊ ತನ್ನ ಮರದ ಉಗಿಹಡಗು ‘ಅಮೆಜೋನಾಸ್’ ಅನ್ನೇ ಶತ್ರು ಹಡಗುಗಳಿಗೆ ಗುದ್ದಿಸಿ ಗೆದ್ದ. ಈ ಕಾದಾಟ ಸೇರಿದ್ದ ಆ ದೊಡ್ಡ ಯುದ್ಧ ಪರಾಗ್ವೆಯನ್ನು ನುಚ್ಚುನೂರು ಮಾಡಿತು ಎಂಬುದನ್ನೂ ಈ ವಿಜಯದ ಜೊತೆಗೇ ನೆನೆಯಬೇಕು.

ನನ್ನ ಮಟ್ಟಿಗೆ ಈ ಪಡೆಯ ಚರಿತ್ರೆಯ ನಡುಗಂಬ ಬೇರೆಯೇ ಒಂದು ರಾತ್ರಿ. 1910ರ ನವೆಂಬರ್ 22.

ಆ ವರ್ಷ ಬ್ರೆಜಿಲ್‌ಗೆ ಇಂಗ್ಲೆಂಡಿನಲ್ಲಿ ಕಟ್ಟಿಸಿದ ‘ಮಿನಾಸ್ ಜೆರಾಯ್ಸ್’, ‘ಸಾವೊ ಪೌಲೊ’ ಎಂಬ ಎರಡು ಡ್ರೆಡ್‌ನಾಟ್ ಯುದ್ಧನೌಕೆಗಳು ಬಂದಿದ್ದವು. ಲೋಕದ ಅತಿ ಬಲಶಾಲಿ ಹಡಗುಗಳ ಸಾಲಿಗೆ ಸೇರಿದವು ಅವು. ಅವುಗಳನ್ನು ನಡೆಸುತ್ತಿದ್ದ ನಾವಿಕರಲ್ಲಿ ಹೆಚ್ಚಿನವರು ಕಪ್ಪು ಜನ, ಮಿಶ್ರ ಜನಾಂಗದವರು. ಎಷ್ಟೋ ಮಂದಿ ಅನಾಥ ಮಕ್ಕಳು, ಪೊಲೀಸರು ಬೀದಿಯಿಂದ ಹಿಡಿದು ತಂದು ಭರ್ತಿ ಮಾಡಿದವರು. ಅಧಿಕಾರಿಗಳು ಬಿಳಿಯರ ಶ್ರೀಮಂತ ಮನೆತನಗಳವರು. ಬ್ರೆಜಿಲ್ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದದ್ದು 1888ರಲ್ಲಿ. ಇಪ್ಪತ್ತೆರಡು ವರ್ಷಗಳಾದ ಮೇಲೂ ಹಡಗಿನ ಅಟ್ಟದ ಮೇಲೆ ಗುಲಾಮರ ಮೈಗೆ ಬೀಳುತ್ತಿದ್ದ ಚಾಟಿಯೇ ನಾವಿಕರ ಬೆನ್ನಿಗೆ ಬೀಳುತ್ತಿತ್ತು. ಉಳಿದವರು ಸಾಲಾಗಿ ನಿಂತು ನೋಡಬೇಕು.

ಹಡಗು ಕಟ್ಟುವ ಕಾಲಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ತಂಗಿದ್ದ ನಾವಿಕರಲ್ಲಿ ಜುವಾವೊ ಕಾಂಡಿಡೊ ಫೆಲಿಸ್ಬೆರ್ತೊ ಎಂಬವನೂ ಒಬ್ಬ. ಗುಲಾಮರಾಗಿದ್ದ ತಂದೆತಾಯಿಯ ಮಗ, 1880ರಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗಲೇ ಪಡೆ ಸೇರಿದವನು. ಅಲ್ಲಿಯ ನಾವಿಕರು, ಕಾರ್ಮಿಕರು ಸಂಘ ಕಟ್ಟಿಕೊಂಡು ತಲೆಯೆತ್ತಿ ನಡೆಯುವುದನ್ನು ಇವರು ಕಣ್ಣಾರೆ ಕಂಡರು. ಮರಳಿ ಬಂದರೆ ಮತ್ತದೇ ಚಾಟಿ. ಮಾರ್ಸೆಲಿನೊ ರೊಡ್ರಿಗೆಸ್ ಎಂಬ ನಾವಿಕನಿಗೆ 250 ಏಟು ಹಾಕಿಸಿದರು. ಅವನು ಮೂರ್ಛೆ ಹೋದ ಮೇಲೂ ಚಾಟಿ ನಿಲ್ಲಲಿಲ್ಲ.

ಆ ರಾತ್ರಿ ರಿಯೊ ಡಿ ಜನೈರೊದ ಗುವಾನಬಾರಾ ಕೊಲ್ಲಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಾವಿಕರು ಎದ್ದರು. ‘ಮಿನಾಸ್ ಜೆರಾಯ್ಸ್’ನ ಕಮಾಂಡರ್ ಸೇರಿ ಕೆಲವು ಅಧಿಕಾರಿಗಳು ಸತ್ತರು. ನಾಲ್ಕು ದೊಡ್ಡ ಹಡಗುಗಳು ನಾವಿಕರ ಕೈಸೇರಿ, ಫಿರಂಗಿಗಳ ಬಾಯಿ ರಿಯೊ ನಗರದ ಕಡೆ ತಿರುಗಿತು. ಅಧಿಕಾರಿಗಳಿಲ್ಲದೆ ಆ ದೈತ್ಯ ಹಡಗುಗಳನ್ನು ಜುವಾವೊ ಕಾಂಡಿಡೊ ಕೊಲ್ಲಿಯೊಳಗೆ ನಡೆಸಿದ ಜಾಣ್ಮೆಯನ್ನು ದಡದಲ್ಲಿ ನಿಂತವರು ಬೆರಗಿನಿಂದ ನೋಡಿದರು. ಪತ್ರಿಕೆಗಳು ಅವನನ್ನು ‘ಕಪ್ಪು ಅಡ್ಮಿರಲ್’ ಎಂದವು. ನಾವಿಕರ ಬೇಡಿಕೆ ರಾಜ್ಯಾಧಿಕಾರವಲ್ಲ. ಚಾಟಿ ನಿಲ್ಲಬೇಕು, ಕೆಲಸದ ಹೊರೆ ತಗ್ಗಬೇಕು, ಸಂಬಳ ಸುಧಾರಿಸಬೇಕು. ಒಂದು ಗುಂಡು ಗುಡ್ಡದ ಮೇಲಿನ ಬಡಾವಣೆಗೆ ಬಿದ್ದು ಎರಡು ಮಕ್ಕಳು ಸತ್ತವು. ಆ ಸಾವನ್ನು ಮುಚ್ಚಿಟ್ಟು ಈ ಬಂಡಾಯದ ಕಥೆ ಹೇಳುವುದು ಸರಿಯಲ್ಲ.

ಅಧಿಕಾರಕ್ಕೆ ಬಂದು ವಾರವಷ್ಟೇ ಆಗಿದ್ದ ಅಧ್ಯಕ್ಷ ಹೆರ್ಮೆಸ್ ದ ಫೊನ್ಸೆಕಾ ಒಪ್ಪಿಕೊಳ್ಳಬೇಕಾಯಿತು. ಸಂಸತ್ತು ಕ್ಷಮಾದಾನ ಕೊಟ್ಟಿತು, ನಾವಿಕರು ಹಡಗುಗಳನ್ನು ಒಪ್ಪಿಸಿದರು. ಮಾತು ಉಳಿಯಲಿಲ್ಲ. ಡಿಸೆಂಬರ್‌ನಲ್ಲಿ ಕೋಬ್ರಾಸ್ ದ್ವೀಪದಲ್ಲಿ ನಡೆದ ಇನ್ನೊಂದು ದಂಗೆಯನ್ನು ನೆಪ ಮಾಡಿಕೊಂಡು ನೂರಾರು ಮಂದಿಯನ್ನು ಹಿಡಿದರು. ಹಲವರನ್ನು ‘ಸಟೆಲಿಟೆ’ ಎಂಬ ಹಡಗಿನಲ್ಲಿ ತುಂಬಿ ಅಮೆಜಾನ್ ಕಡೆಗೆ ಸಾಗಿಸಿದರು. ಕೆಲವರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಜುವಾವೊ ಕಾಂಡಿಡೊ ಸೇರಿ 18 ಮಂದಿಯನ್ನು ದ್ವೀಪದ ಒಂದು ಕತ್ತಲೆ ಕೋಣೆಗೆ ತಳ್ಳಿದರು. ತೊಳೆಯಲು ಬಳಸಿದ್ದ ಸುಣ್ಣದ ಘಾಟು ತುಂಬಿದ್ದ ಆ ಕೋಣೆಯ ಬಾಗಿಲು ತೆರೆದಾಗ 16 ಮಂದಿ ಸತ್ತಿದ್ದರು. ಉಳಿದ ಇಬ್ಬರಲ್ಲಿ ಇವನೊಬ್ಬ. ಆಮೇಲೆ ಹುಚ್ಚಾಸ್ಪತ್ರೆ, ಮತ್ತೆ ಸೆರೆ. 1912ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು, ಪಡೆ ಮಾತ್ರ ಹೊರಗೆ ಹಾಕಿತು.

ಸೆರೆಯಲ್ಲಿದ್ದಾಗ ಅವನು ಕಸೂತಿ ಹಾಕುತ್ತಿದ್ದ. ಅವನು ಹೊಲಿದ ಎರಡು ಬಟ್ಟೆಗಳು ಒಳನಾಡಿನ ಸಾವೊ ಜುವಾವೊ ದೆಲ್ ರೇ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಒಂದರಲ್ಲಿ ಕತ್ತಿ ಚುಚ್ಚಿದ ಹೃದಯ, ಇನ್ನೊಂದರಲ್ಲಿ ಲಂಗರು. ಫಿರಂಗಿ ತಿರುಗಿಸಿದ ಕೈ ಇಷ್ಟು ನವಿರಾದ ದಾರ ಹಿಡಿದಿತ್ತೆಂಬುದನ್ನು ಇತಿಹಾಸಕಾರ ಜೊಸೆ ಮುರಿಲೊ ದ ಕಾರ್ವಾಲ್ಯೊ ಒಂದು ಪ್ರಬಂಧದಲ್ಲಿ ಬೆಳಕಿಗೆ ತಂದರು. ಉಳಿದ ಬದುಕೆಲ್ಲ ಜುವಾವೊ ಕಾಂಡಿಡೊ ರಿಯೊದ ಕ್ವಿಂಜೆ ಚೌಕದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಇಳಿಸುತ್ತಾ ಕಳೆದ. 1969ರಲ್ಲಿ ಬಡತನದಲ್ಲೇ ತೀರಿಕೊಂಡ. ಚಾಟಿ ಮಾತ್ರ ಬ್ರೆಜಿಲ್‌ನ ಹಡಗುಗಳಿಗೆ ಮರಳಲಿಲ್ಲ.

ಭಾರತದ ಓದುಗರಿಗೆ ಇಲ್ಲಿ 1946ರ ಮುಂಬೈ ನೆನಪಾಗುತ್ತದೆ. ಫೆಬ್ರುವರಿ 18ರಂದು ‘ತಲ್ವಾರ್’ ನೆಲೆಯ ನಾವಿಕರು ಕೆಟ್ಟ ಊಟ, ಬಿಳಿ ಅಧಿಕಾರಿಗಳ ಅವಮಾನದ ಬೈಗುಳ ತಡೆಯಲಾರದೆ ಎದ್ದರು. ಅವರಲ್ಲಿ ಕೆಲಸ ಕಳೆದುಕೊಂಡವರನ್ನು ಸ್ವತಂತ್ರ ಭಾರತದ ನೌಕಾಪಡೆಯೂ ಮರಳಿ ಕರೆಯಲಿಲ್ಲ. ಆದರೂ ಮುಂಬೈಯ ಕೊಲಾಬಾದಲ್ಲಿ ಇಂದು ಅವರ ಸ್ಮಾರಕವಿದೆ.

ಬ್ರೆಜಿಲ್‌ನಲ್ಲಿ 1964ರಲ್ಲಿ ಮತ್ತೆ ನಾವಿಕರು ಹಕ್ಕುಗಳಿಗಾಗಿ ಸೇರಿದ ಸಭೆಗೆ ಮುದುಕ ಜುವಾವೊ ಕಾಂಡಿಡೊ ಹೋಗಿದ್ದ. ಕೆಲವೇ ದಿನಗಳಲ್ಲಿ ಸೈನಿಕ ಕ್ರಾಂತಿಯಾಗಿ 21 ವರ್ಷಗಳ ಸರ್ವಾಧಿಕಾರ ಬಂತು. ಆ ಕಾಲದಲ್ಲಿ ನೌಕಾಪಡೆಯ ಗುಪ್ತಚರ ವಿಭಾಗ ಚಿತ್ರಹಿಂಸೆಗೆ ಕುಖ್ಯಾತವಾಗಿತ್ತು. ಕಪ್ಪು ಅಡ್ಮಿರಲ್‌ನ ಮೇಲೆ ಜುವಾವೊ ಬೋಸ್ಕೊ, ಆಲ್ದಿರ್ ಬ್ಲಾಂಕ್ ಕಟ್ಟಿದ ಹಾಡಿನಿಂದ ‘ಅಡ್ಮಿರಲ್’ ಎಂಬ ಮಾತನ್ನೇ ಸೆನ್ಸಾರ್ ತೆಗೆಸಿತು.

ಇದೇ ಪಡೆಯ ಇಂದಿನ ಮುಖವನ್ನು ನೋಡಬೇಕಾದರೆ ಮನೌಸ್‌ಗೆ ಹೋಗಬೇಕು. ರಿಯೊ ನೀಗ್ರೊ ದಂಡೆಯ ನೆಲೆಯಿಂದ ‘ಒಸ್ವಾಲ್ಡೊ ಕ್ರೂಜ್’, ‘ಕಾರ್ಲೋಸ್ ಶಾಗಸ್’ ಎಂಬ ಆಸ್ಪತ್ರೆ ಹಡಗುಗಳು ಹೊರಡುತ್ತವೆ. 1984ರಿಂದ ಸೇವೆಯಲ್ಲಿರುವ ಇವುಗಳಿಗೆ ಬ್ರೆಜಿಲ್‌ನ ಇಬ್ಬರು ಮಹಾನ್ ವೈದ್ಯರ ಹೆಸರಿಟ್ಟಿದ್ದಾರೆ. ನದಿಯ ಜನ ಇವುಗಳನ್ನು ‘ಭರವಸೆಯ ಹಡಗು’ ಎನ್ನುತ್ತಾರೆ. ಒಳಗೆ ಎಕ್ಸ್‌ರೇ, ಪ್ರಯೋಗಾಲಯ, ದಂತ ಚಿಕಿತ್ಸೆಯ ಕುರ್ಚಿ, ಸಣ್ಣ ಶಸ್ತ್ರಚಿಕಿತ್ಸೆಯ ಕೋಣೆ, ಮೇಲೆ ಹೆಲಿಕಾಪ್ಟರ್ ಇಳಿಯುವ ಅಟ್ಟ. ಹಡಗು ದೊಡ್ಡ ನದಿಯಲ್ಲಿ ಲಂಗರು ಹಾಕುತ್ತದೆ. ವೈದ್ಯರು, ದಾದಿಯರು ಸಣ್ಣ ದೋಣಿಗಳಲ್ಲಿ ತೊರೆಗಳೊಳಗೆ ನುಗ್ಗಿ ಮನೆಮನೆಗೆ ಹೋಗುತ್ತಾರೆ. ಲಸಿಕೆ, ಬಸುರಿಯರ ತಪಾಸಣೆ, ಹಲ್ಲು ಕೀಳುವುದು, ಜಂತುಹುಳುವಿನ ಔಷಧಿ. ಇವರ ಕ್ಯಾಲೆಂಡರ್ ಬರೆಯುವುದು ನದಿ. ನೀರು ಏರಿದಾಗ ಎಲ್ಲಿಗೆ ಹೋಗಬಹುದು, ಇಳಿದಾಗ ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು ಎಂಬ ಲೆಕ್ಕದಲ್ಲೇ ವರ್ಷ ಸಾಗುತ್ತದೆ. 2023ರಲ್ಲೂ 2024ರಲ್ಲೂ ಮನೌಸ್‌ನಲ್ಲಿ ನದಿ ದಾಖಲೆಯ ಮಟ್ಟಕ್ಕೆ ಬತ್ತಿತು. ದೋಣಿಯೇ ಓಡದಿದ್ದರೆ ಈ ಜನರಿಗೆ ಡಾಕ್ಟರೂ ಇಲ್ಲ, ಅಕ್ಕಿಯೂ ಇಲ್ಲ.

ಕಡಲಿನ ಕಡೆಯ ಕೆಲಸವೂ ಬಗೆಬಗೆಯದು. ತೀರದಿಂದ ಸುಮಾರು ಸಾವಿರ ಕಿ.ಮೀ. ದೂರದಲ್ಲಿ ಅಟ್ಲಾಂಟಿಕ್ ನಡುವೆ ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಎಂಬ ಬಂಡೆಗಳಿವೆ. 1998ರಿಂದ ಅಲ್ಲಿ ನೌಕಾಪಡೆ ಸಣ್ಣ ಸಂಶೋಧನಾ ಮನೆಯೊಂದನ್ನು ನಡೆಸುತ್ತಿದೆ. ಸರದಿಯ ಮೇಲೆ ವಿಜ್ಞಾನಿಗಳು ವಾಸ ಇರುವುದರಿಂದಲೇ ಸುತ್ತಲಿನ ಕಡಲಿನ ಮೇಲೆ ಬ್ರೆಜಿಲ್‌ನ ಹಕ್ಕಿನ ವಾದ ನಿಲ್ಲುತ್ತದೆ. ಅಂಟಾರ್ಕ್ಟಿಕಾದ ಕಮಾಂಡಾಂಟೆ ಫೆರಾಜ್ ನೆಲೆಯೂ ಇವರದೇ. 2012ರ ಬೆಂಕಿಯಲ್ಲಿ ಅದು ಸುಟ್ಟು, ಕಾಪಾಡಲು ಹೋದ ಇಬ್ಬರು ನೌಕಾಪಡೆಯವರು ಸತ್ತರು. 2020ರಲ್ಲಿ ಹೊಸ ಕಟ್ಟಡ ತೆರೆಯಿತು.

ಬ್ರೆಜಿಲ್ ತನ್ನ ಪಾಲಿನ ಸುಮಾರು 57 ಲಕ್ಷ ಚದರ ಕಿ.ಮೀ. ಕಡಲನ್ನು ‘ನೀಲಿ ಅಮೆಜಾನ್’ ಎನ್ನುತ್ತದೆ. ದೇಶದ ಬಹುಪಾಲು ಕಚ್ಚಾ ತೈಲ ಬರುವುದು ಅದರ ತಳದಿಂದ. ಅದನ್ನು ಕಾಯಲೆಂದು ಫ್ರಾನ್ಸ್ ನೆರವಿನಲ್ಲಿ ಇಟಗುವಾಯಿ ಬಂದರಿನಲ್ಲಿ ಜಲಾಂತರ್ಗಾಮಿಗಳನ್ನು ಕಟ್ಟುತ್ತಿದ್ದಾರೆ. ಮೊದಲನೆಯದು ‘ರಿಯಾಚುಯೆಲೊ’. ನಮ್ಮ ‘ಕಲ್ವರಿ’ಯೂ ಅದೇ ಸ್ಕಾರ್ಪೀನ್ ಕುಲದ್ದು, ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಹುಟ್ಟಿದ್ದು. ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ ನೌಕಾಪಡೆಗಳು 2008ರಿಂದ ಜಂಟಿ ಕವಾಯತು ನಡೆಸುತ್ತಿವೆ. ಮುಂದಿನ ಕನಸು ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿ. ಅದರ ಹೆಸರು ‘ಆಲ್ವಾರೊ ಆಲ್ಬೆರ್ತೊ’. ಬ್ರೆಜಿಲ್‌ನ ರಾಷ್ಟ್ರೀಯ ಸಂಶೋಧನಾ ಮಂಡಳಿಯನ್ನು 1951ರಲ್ಲಿ ಕಟ್ಟಿದ ಅಡ್ಮಿರಲ್ ಅವರು.

ದೊಡ್ಡ ಹಡಗಿನ ಮೋಹಕ್ಕೆ ಈ ಪಡೆ ಬೆಲೆಯನ್ನೂ ತೆತ್ತಿದೆ. ಫ್ರಾನ್ಸಿನಿಂದ 2000ದಲ್ಲಿ ಕೊಂಡ ಹಳೆಯ ವಿಮಾನವಾಹಕ ನೌಕೆ ‘ಸಾವೊ ಪೌಲೊ’ ಕಡಲಿಗಿಳಿದದ್ದಕ್ಕಿಂತ ದುರಸ್ತಿಯಲ್ಲಿ ಕಳೆದದ್ದೇ ಹೆಚ್ಚು. ಗುಜರಿಗೆ ಮಾರಿದಾಗ ಆಸ್ಬೆಸ್ಟಾಸ್ ಇದೆಯೆಂದು ಟರ್ಕಿ ಒಳಗೆ ಬಿಡಲಿಲ್ಲ. ಕೊನೆಗೆ 2023ರ ಫೆಬ್ರುವರಿಯಲ್ಲಿ ಪರಿಸರದವರ ವಿರೋಧದ ನಡುವೆ ಅಟ್ಲಾಂಟಿಕ್‌ನಲ್ಲಿ ಮುಳುಗಿಸಿದರು. ಕಾಯಬೇಕಾದ ಕಡಲಿಗೇ ವಿಷ ಸುರಿದ ಆ ತೀರ್ಮಾನ ತಪ್ಪು. ಮರುವರ್ಷ ಮೇ ತಿಂಗಳಲ್ಲಿ ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ಪ್ರಳಯದಲ್ಲಿ ಮುಳುಗಿದಾಗ, ಪಡೆಯ ಅತಿ ದೊಡ್ಡ ಹಡಗು ‘ಅಟ್ಲಾಂಟಿಕೊ’ ನೀರು ಶುದ್ಧ ಮಾಡುವ ಯಂತ್ರಗಳನ್ನು ಹೊತ್ತು ಹೋಯಿತು. ದೊಡ್ಡ ಹಡಗಿನಿಂದ ಆಗಬೇಕಾದದ್ದು ಇಂಥ ಕೆಲಸ.

1980ರಲ್ಲಿ ಬ್ರೆಜಿಲ್‌ನ ಸೇನಾಪಡೆಗಳಲ್ಲೇ ಮೊದಲು ಹೆಂಗಸರಿಗೆ ಬಾಗಿಲು ತೆರೆದದ್ದು ನೌಕಾಪಡೆ. 2012ರಲ್ಲಿ ವೈದ್ಯೆ ದಾಲ್ವಾ ಮರಿಯಾ ಕಾರ್ವಾಲ್ಯೊ ಮೆಂಡೆಸ್ ಅದರ ಮೊದಲ ಮಹಿಳಾ ಅಡ್ಮಿರಲ್ ಆದರು. ಇಷ್ಟೆಲ್ಲ ಬದಲಾದ ಪಡೆ ಒಂದು ವಿಷಯದಲ್ಲಿ ಮಾತ್ರ ಜಗ್ಗಿಲ್ಲ. 2008ರಲ್ಲಿ ಸಂಸತ್ತು 1910ರ ಬಂಡಾಯಗಾರರಿಗೆ ಮರಣೋತ್ತರ ಕ್ಷಮಾದಾನ ಕೊಟ್ಟಿತು. ಅವರ ಕುಟುಂಬಗಳಿಗೆ ಪರಿಹಾರ ಸಿಗಲಿಲ್ಲ. ಅದೇ ವರ್ಷ ಕ್ವಿಂಜೆ ಚೌಕದಲ್ಲಿ ಜುವಾವೊ ಕಾಂಡಿಡೊನ ಪ್ರತಿಮೆ ನಿಂತಿತು. ಅವನ ಹೆಸರನ್ನು ರಾಷ್ಟ್ರವೀರರ ಪುಸ್ತಕದಲ್ಲಿ ಸೇರಿಸುವ ಮಸೂದೆಗೆ 2021ರಲ್ಲಿ ಸೆನೆಟ್ ಒಪ್ಪಿಗೆ ಕೊಟ್ಟಿತು. ಕೆಳಮನೆಯ ಸಮಿತಿಯ ಮುಂದೆ ಅದು ಬಂದಾಗ, 2024ರ ಏಪ್ರಿಲ್‌ನಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಮಾರ್ಕೋಸ್ ಸಾಂಪಾಯೊ ಓಲ್ಸೆನ್ ವಿರೋಧಿಸಿ ಪತ್ರ ಬರೆದರು. ಶಿಸ್ತು ಮುರಿದವನನ್ನು ವೀರನೆಂದರೆ ಪಡೆಗೆ ಕೆಟ್ಟ ಸಂದೇಶ ಹೋಗುತ್ತದೆ ಎಂಬುದು ಅವರ ವಾದ. ಶಿಸ್ತಿಲ್ಲದೆ ಹಡಗು ನಡೆಯದು, ನಿಜ. ಆದರೆ 250 ಏಟು ಹಾಕುವುದನ್ನು ಶಿಸ್ತು ಎಂದು ಕರೆದವರು ಯಾರು ಎಂಬುದಕ್ಕೆ ಆ ಪತ್ರ ಉತ್ತರ ಕೊಡುವುದಿಲ್ಲ.

ಜುವಾವೊ ಕಾಂಡಿಡೊನ ಹೆಸರು ಹೊತ್ತ ಹಡಗೊಂದು ಬ್ರೆಜಿಲ್‌ನಲ್ಲಿದೆ. ಪೆರ್ನಾಂಬುಕೊದ ಹಡಗುಕಟ್ಟೆಯಲ್ಲಿ ಕಟ್ಟಿ, 2010ರ ಮೇ ತಿಂಗಳಲ್ಲಿ ನೀರಿಗಿಳಿಸಿದ ತೈಲ ಸಾಗಿಸುವ ಹಡಗದು. ಅದು ಪೆಟ್ರೋಬ್ರಾಸ್ ಬಳಗದ ಟ್ರಾನ್ಸ್‌ಪೆಟ್ರೊ ಕಂಪನಿಯದು. ನೌಕಾಪಡೆ ತನ್ನ ಯಾವ ಹಡಗಿಗೂ ಆ ಹೆಸರನ್ನು ಇನ್ನೂ ಇಟ್ಟಿಲ್ಲ.